ಇಪ್ಪತ್ತೇಳು ಡ್ರಿಸ್ಕಾಲ್‌ಗಳು

ಫೋನು ಬಿದ್ದ ಸದ್ದು ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು.

ಮೊದಲು ಎಲ್ಲೋ ಕಬ್ಬಿಣಕ್ಕೆ ತಗುಲಿ ಟಣ್ ಎಂದಿತು. ಆಮೇಲೆ ಏನೂ ಇಲ್ಲ. ಆಮೇಲೆ ಕೆಳಗೆ, ತುಂಬ ಕೆಳಗೆ, ಗಾಜು ಪುಡಿಯಾಯಿತು.

“ಹೊಸಾದಿತ್ತೇನು?” ಎಂದ ಡೆನ್ಜಿಲ್, ನಿಜವಾಗಿಯೂ ಮರುಕಪಡುವವನ ಹಾಗೆ.

ವರ್ಷಿಣಿ ಪೇಪರಿನಲ್ಲಿ ಸುತ್ತಿದ ಎರಡು ಅಡಿ ಅಗಲದ ಚೌಕಟ್ಟನ್ನು ಎದೆಗೆ ಅವಚಿಕೊಂಡು, ಲಿಫ್ಟಿನ ಮೂಲೆಗೆ ಬೆನ್ನು ಒತ್ತಿ ನಿಂತಿದ್ದಳು. ನಾಲ್ಕು ಜನರ ಲಿಫ್ಟು ಎಂದು ಹಿತ್ತಾಳೆಯ ತಗಡಿನಲ್ಲಿ ಕೊರೆದಿತ್ತು. ಇಬ್ಬರು ನಿಂತರೇ ಮೊಣಕೈಗಳು ತಾಗುತ್ತಿದ್ದವು. ಸುತ್ತ ಜಾಲರಿ. ಜಾಲರಿಯಾಚೆ ಗೋಡೆ. ಆ ಗೋಡೆಗೂ ಈ ಪಂಜರಕ್ಕೂ ನಡುವೆ ಕತ್ತಲೆಯ ಒಂದು ಸಂದಿ.

ಇಂಥ ಹಳೆಯ ಲಿಫ್ಟುಗಳ ಗುಣವೇ ಹಾಗೆ. ಒಳಬಾಗಿಲು ಎರಡು ಬೆರಳಷ್ಟು ಸರಿದರೂ ಸಾಕು, ಇದ್ದಲ್ಲೇ ನಿಂತುಬಿಡುತ್ತವೆ. ಈ ಕಟ್ಟಡದ ರಿಪೇರಿ ನೋಡಿಕೊಳ್ಳುವ ಡೆನ್ಜಿಲ್ ಸರಿಸಿದ್ದ. ಬಾಗಿಲಿನ ಆ ಸಂದಿಯಿಂದಲೇ ಅವಳ ಫೋನನ್ನು ಕೆಳಗೆ ಬಿಟ್ಟು, ಈಗ ಅಲ್ಲಿ ತನ್ನ ಬೂಟಿನ ತುದಿ ಇಟ್ಟಿದ್ದ. ಅವನು ಆ ಕಾಲನ್ನು ತೆಗೆಯುವ ತನಕ ಲಿಫ್ಟು ಮೇಲೂ ಹೋಗುವುದಿಲ್ಲ, ಕೆಳಗೂ ಇಳಿಯುವುದಿಲ್ಲ.

ಮೂರು ವಾರದ ಹಿಂದೆ ಲಿಫ್ಟಿನ ಇದೇ ಬಾವಿಯ ತಳದಲ್ಲಿ ಎಪ್ಪತ್ತೊಂಬತ್ತರ ಪ್ಯಾಟ್ರಿಕ್ ಡ್ರಿಸ್ಕಾಲ್ ಸತ್ತು ಬಿದ್ದಿದ್ದ. ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡು ಹೋದರು. ಅವನ ಅಕ್ಕ ಐಡಾ ಒಪ್ಪಲಿಲ್ಲ. “ನನ್ನ ತಮ್ಮ ಹತ್ತು ವರ್ಷದಿಂದ ಈ ಲಿಫ್ಟು ಹತ್ತಿಲ್ಲ, ಮೆಟ್ಟಿಲಲ್ಲೇ ಓಡಾಡುತ್ತಿದ್ದ. ಅವನಿಗೆ ಲಿಫ್ಟಿನ ಬಾಗಿಲ ಹತ್ತಿರ ಏನು ಕೆಲಸ?” ಎಂದು, ಹಳೆಯ ಕಾಗದಪತ್ರ ಹುಡುಕುವ ಕೆಲಸದ ವರ್ಷಿಣಿಯನ್ನು ಕರೆಸಿದವರು ಅವರೇ.

“ಚೌಕಟ್ಟು ಕೊಡವಾ ತಂಗಿ.”

ಆಗಲೇ ವರ್ಷಿಣಿಗೆ ಹೊಳೆದದ್ದು. ಈ ಮನುಷ್ಯ ಕನ್ನಡ ಮಾತಾಡುತ್ತಿದ್ದಾನೆ. ಇಷ್ಟು ದಿನ ಅವಳೊಡನೆ ಬರೀ ಇಂಗ್ಲಿಷು, ದರವಾನನೊಡನೆ ಹಿಂದಿ, ಮೀನಿನವಳೊಡನೆ ಬಂಗಾಳಿ. ಲಿಫ್ಟು ನಿಂತ ಕ್ಷಣದಿಂದ ಕನ್ನಡ. ಅದೂ ಅವಳ ಅಪ್ಪನ ಕನ್ನಡ.

“ನೀವು... ನಿಮಗ ಕನ್ನಡ ಹೆಂಗ?”

“ಹುಬ್ಬಳ್ಳಿ ರೈಲ್ವೆ ಕಾಲನಿಯೊಳಗ ಹುಟ್ಟಿದಾಂವ ನಾ. ಗಿರ್ಮಿಟ್ ತಿಂದ ಬೆಳದಾಂವ. ವರ್ಕ್‌ಶಾಪಿನ್ಯಾಗ ಫಿಟರ್ ಇದ್ದೆ, ಆಮ್ಯಾಲೆ ಇಲ್ಲಿಗೆ, ಕಲ್ಕತ್ತಾಕ್ಕ ಬಂದೆ.” ಡೆನ್ಜಿಲ್ ನಕ್ಕ. ಅರವತ್ತು ದಾಟಿದ ಮುಖ, ನೀಟಾಗಿ ಬಾಚಿದ ಬಿಳಿಗೂದಲು, ಒಂದು ಕೈಯಲ್ಲಿ ಐಡಾಗೆಂದು ತಂದ ಬಂಗಾಳಿ ಮಿಠಾಯಿ ಸಂದೇಶ್ ಇದ್ದ ಡಬ್ಬಿ. “ನಿಮ್ಮಪ್ಪ ಫೋನ್ ಮಾಡಿದಾಗ ನೀ ಸ್ಪೀಕರ್ ಹಚ್ಚಿದ್ದಿ, ಮೆಟ್ಟಲದಾಗ ನಿಂತು ಕೇಳೀನಿ. ಶಂಕರಲಿಂಗ ಅಲ್ಲ ಹೆಸರು? ‘ಯಾಕ ಊಟ ಮಾಡಿಲ್ಲ ಮಗಳ’ ಅಂತಿದ್ದರು. ನಮ್ಮವ್ವ ನೆನಪಾದಳು.”



ವರ್ಷಿಣಿ ಬಾಯಿ ತೆರೆದು ಕಿರುಚಿದಳು. “ಚಾಚಾ! ರಾಮ್‌ಸೂರತ್ ಚಾಚಾ! ಬಚಾವ್!”

ಕೆಳಗಿನಿಂದ ದರವಾನನ ಕೆಮ್ಮು ಕೇಳಿಸಿತು. “ಕ್ಯಾ ಹುವಾ ದೀದಿ?”

“ಕುಛ್ ನಹೀ ಚಾಚಾ,” ಡೆನ್ಜಿಲ್ ಗಟ್ಟಿಯಾಗಿ, ಹಗುರವಾಗಿ ಕೂಗಿದ. “ಫಿರ್ ಅಟಕ್ ಗಯಾ. ದೀದಿ ಡರ್ ಗಯೀ. ಮೈ ಠೀಕ್ ಕರತಾ ಹೂಂ.”

“ಡರಿಯೇ ಮತ್ ದೀದಿ,” ಎಂದಿತು ಮುದಿ ದನಿ. “ಡೆನ್ಜಿಲ್ ಸಾಹೇಬ್ ಹೈ ನಾ ಸಾಥ್ ಮೇ!”

ಚಪ್ಪಲಿಯ ಸದ್ದು ದೂರವಾಯಿತು. ಮಧ್ಯಾಹ್ನ ಮೂರು ಗಂಟೆ, ಅವನ ಚಹಾದ ಹೊತ್ತು. ಈ ಕಟ್ಟಡದಲ್ಲಿ ಲಿಫ್ಟು ಕೆಟ್ಟರೆ ಕರೆಯುವುದು ಯಾರನ್ನ? ಡೆನ್ಜಿಲ್‌ನನ್ನ. ಡೆನ್ಜಿಲ್ ಒಳಗೇ ಇದ್ದಾನೆಂದರೆ ಇನ್ನು ಯಾರು ಯಾಕೆ ತಲೆಕೆಡಿಸಿಕೊಳ್ಳಬೇಕು?

“ಆತಲ್ಲ ಕೂಗೂದು? ಈಗ ಕೊಡು.”

ಕೊಟ್ಟಳು. ಕೊಡದೆ ದಾರಿಯೂ ಇರಲಿಲ್ಲ. ಆ ಇಕ್ಕಟ್ಟಿನಲ್ಲಿ ಅವನು ಕಿತ್ತುಕೊಳ್ಳಬೇಕೆಂದರೆ ಅರ್ಧ ನಿಮಿಷದ ಮಾತು. ಚೌಕಟ್ಟಿನ ಹಿಂಬದಿಯಲ್ಲಿ ಇದ್ದದ್ದು ಈಗ ಅಲ್ಲಿಲ್ಲ ಎಂಬುದು ಅವನಿಗೆ ಗೊತ್ತಾಗುವ ತನಕ ಒಂದಿಷ್ಟು ಹೊತ್ತು ಸಿಗುತ್ತದೆ, ಅಷ್ಟೇ.

ಅವನು ಸಂದೇಶ್ ಡಬ್ಬಿಯನ್ನು ಕೆಳಗಿಟ್ಟು, ಬೂಟು ಅಲುಗಿಸದೆ, ಪೇಪರನ್ನು ಹರಿದ. ಗಾಜಿನೊಳಗೆ ಎರಡು ನಕಾಶೆಗಳು ಪಕ್ಕಪಕ್ಕ. ಪ್ಯಾಟ್ರಿಕ್ ಸಾಯುವುದಕ್ಕೆ ಒಂದು ವಾರ ಮುಂಚೆ ಚೌಕಟ್ಟು ಹಾಕಲು ಕೊಟ್ಟಿದ್ದು. ಅವನ ಪ್ರಾರ್ಥನೆ ಪುಸ್ತಕದಲ್ಲಿ ಸಿಕ್ಕ ರಸೀತಿ ಹಿಡಿದು ವರ್ಷಿಣಿ ಒಂದು ಗಂಟೆಯ ಹಿಂದಷ್ಟೇ ಅಂಗಡಿಯಿಂದ ಬಿಡಿಸಿಕೊಂಡು ಬಂದಿದ್ದಳು.

ಎಡಗಡೆ ಐರ್ಲೆಂಡ್. ಪ್ಯಾಟ್ರಿಕ್ ಎಷ್ಟು ಡ್ರಿಸ್ಕಾಲ್ ಕುಟುಂಬಗಳನ್ನು ಹುಡುಕಿದ್ದನೋ ಅಷ್ಟು ಕೆಂಪು ಚುಕ್ಕೆ. ಇಡೀ ದ್ವೀಪ ಖಾಲಿ. ನೈಋತ್ಯದ ತುದಿಯಲ್ಲಿ ಮಾತ್ರ, ಕಾರ್ಕ್ ಸೀಮೆಯ ಕಡಲಂಚಿನಲ್ಲಿ, ಇರುವೆ ಮುತ್ತಿದ ಹಾಗೆ ಕೆಂಪು. ಬಾಲ್ಟಿಮೋರ್, ಶೆರ್ಕಿನ್, ಕೇಪ್ ಕ್ಲಿಯರ್. ಒಂದು ಕಾಲಕ್ಕೆ ಆ ಕೊಲ್ಲಿಗಳಿಗೆ ಇವರೇ ಒಡೆಯರು. ಮೀನು ಹಿಡಿಯಲು ಬಂದ ಪರದೇಶದ ದೋಣಿಗಳಿಂದ ಸುಂಕ ಎತ್ತುತ್ತಿದ್ದವರು. ನೆಲ ಹೋದ ಮೇಲೆ ಹಡಗು ಹತ್ತಿದರು. ಅಂಚಿನಲ್ಲಿ ಪ್ಯಾಟ್ರಿಕ್‌ನ ನಡುಗುವ ಅಕ್ಷರ: ಸ್ಪೇನ್, ನ್ಯೂಫೌಂಡ್‌ಲ್ಯಾಂಡ್, ಬಾಸ್ಟನ್, ವೇಲ್ಸಿನ ಬಂದರುಗಳು.

ಬಲಗಡೆ ಇಂಡಿಯಾ.

“ಇದನ್ನ ನೋಡಿ ನಿನಗೇನು ತಿಳೀತು?” ಡೆನ್ಜಿಲ್ ಕೇಳಿದ. ಪರೀಕ್ಷೆ ತೆಗೆದುಕೊಳ್ಳುವ ಮಾಸ್ತರನ ದನಿ.

ಮಾತಾಡಿಸುತ್ತಿರಬೇಕು. ಯಾರಾದರೂ ಮೆಟ್ಟಿಲಲ್ಲಿ ಬರುವ ತನಕ.

“ಐರಿಷ್ ಹೆಸರು ಇಂಡಿಯಾಕ್ಕ ಬಂದಿದ್ದು ಹೆಚ್ಚಾಗಿ ಸಿಪಾಯಿಗಳ ಜೊತಿ,” ಎಂದಳು ವರ್ಷಿಣಿ. ಕನ್ನಡ ಅವಳ ಬಾಯಲ್ಲಿ ತಡವರಿಸುತ್ತಿತ್ತು. ಮನೆಯ ಹೊರಗೆ ಆಡಿ ಗೊತ್ತಿಲ್ಲದ ಭಾಷೆ. “ಹಂಗಿದ್ರ ಚುಕ್ಕಿ ಎಲ್ಲಿರಬೇಕು? ದಂಡು ಇದ್ದಲ್ಲಿ. ಮೀರತ್, ಅಂಬಾಲಾ, ಕಾನ್ಪುರ. ಇದರಾಗ ಅಲ್ಲೆಲ್ಲೂ ಒಂದೂ ಇಲ್ಲ. ನಿಮ್ಮ ಡ್ರಿಸ್ಕಾಲ್‌ಗಳು ಬರೇ ರೈಲ್ವೆ ಲೈನ್ ಹಿಡ್ಕೊಂಡು ಬಂದಾರ. ಹುಬ್ಬಳ್ಳಿ, ಗುಂತಕಲ್, ಖರಗ್‌ಪುರ, ಕಲ್ಕತ್ತಾ. ಹಿಂದಕ್ಕ ಹಿಂದಕ್ಕ ಹೋದ್ರ ಎಲ್ಲಾ ಲೈನೂ ಹೋಗಿ ಕೂಡೋದು ಒಂದೇ ಊರಾಗ.”

“ಹೇಳು.”

“ಬಳ್ಳಾರಿ.”

ಡೆನ್ಜಿಲ್ ತಲೆಯಾಡಿಸಿದ. ಚೌಕಟ್ಟನ್ನು ಮಗುಚಿ, ಹಿಂದಿನ ರಟ್ಟಿನ ಮೊಳೆಗಳನ್ನು ಉಗುರಿನಿಂದ ಒಂದೊಂದಾಗಿ ಬಾಗಿಸತೊಡಗಿದ. ಫಿಟರನ ಬೆರಳು. ಅವಸರವಿರಲಿಲ್ಲ.

“ಪ್ಯಾಟ್ರಿಕ್ ಬಳ್ಳಾರಿಗೆ ಹೋಗಿ ಬಂದ, ಗೊತ್ತೈತಿಲ್ಲ? ಆ ವಯಸ್ಸಿನ್ಯಾಗ, ಒಬ್ಬನ, ಸ್ಲೀಪರ್ ಗಾಡ್ಯಾಗ. ಅಲ್ಲಿ ಪಾದ್ರಿಗಳ ಅನಾಥಾಶ್ರಮ ಮುಚ್ಚಿ ಐವತ್ತು ವರ್ಷ ಆಗೇತಿ. ದಫ್ತರ ಎಲ್ಲಾ ಗೆದ್ದಲ ತಿಂದದ. ಉಳದಿದ್ದು ಒಂದು ಹಾಳಿ. ಅದನ್ನ ಕಿತಗೊಂಡ ಬಂದ ನೋಡು, ಕಳ್ಳನ ಹಂಗ.”

ರಟ್ಟು ಕೈಗೆ ಬಂತು. ಅದರ ಹಿಂದೆ ನಕಾಶೆಯ ಬಿಳಿ ಬೆನ್ನು. ಮತ್ತೇನೂ ಇಲ್ಲ.

ಅವನು ರಟ್ಟಿನ ಎರಡೂ ಬದಿ ತಿರುಗಿಸಿ ನೋಡಿದ.

“ಎಲ್ಲೈತಿ?”

“ಫೋಟೊ ತಗದು ಆಫೀಸಿಗೆ ಕಳ್ಸೀನಿ,” ಎಂದಳು. “ನಿತಿನ್‌ಗ. ನಮ್ಮ ಬಾಸ್‌ಗ.”

“ಕಳ್ಸಿದ್ರ ನಿನ್ನ ಮುಖ ಹಿಂಗ ಇರತಿದ್ದಿಲ್ಲ.”

ಹೌದು, ಕಳಿಸಿರಲಿಲ್ಲ. ಫೋಟೊವನ್ನೇ ತೆಗೆದಿರಲಿಲ್ಲ. ಸಾಲ್ಟ್ ಲೇಕಿನ ಆ ಸಣ್ಣ ಆಫೀಸಿನಲ್ಲಿ, ವಾರಸುದಾರರನ್ನು ಹುಡುಕಿಕೊಡುವ ಕೆಲಸದಲ್ಲಿ, ಆರು ವರ್ಷದಿಂದ ಅವಳು ಪಾಲಿಸಿಕೊಂಡು ಬಂದ ಒಂದೇ ಒಂದು ನೇಮವಿತ್ತು: ಮನೆಯ ಕಾಗದವನ್ನು ಮೊದಲು ಮನೆಯವರು ನೋಡಬೇಕು, ಆಮೇಲೆ ಉಳಿದವರು. ಐಡಾ ನೋಡಲಿ ಎಂದು ಹಾಗೇ ತಂದಿದ್ದಳು. ಆ ಹಾಳೆ ಈಗ ಪ್ಲಾಸ್ಟಿಕ್ಕಿನ ಕವರಿನಲ್ಲಿ, ಕುರ್ತಾದೊಳಗೆ, ಅವಳ ಹೊಟ್ಟೆಗೆ ಅಂಟಿಕೊಂಡು ಬೆವರುತ್ತಿತ್ತು. ಜಗತ್ತಿನಲ್ಲಿ ಅದಕ್ಕೆ ಇನ್ನೊಂದು ಪ್ರತಿ ಇರಲಿಲ್ಲ.

ಡೆನ್ಜಿಲ್‌ನ ಕಣ್ಣು ಅವಳ ಓಢಣಿಯ ಮೇಲೆ ಒಮ್ಮೆ ಹರಿದು ಹಿಂದಕ್ಕೆ ಹೋಯಿತು.

“ಹೆಣ್ಮಗಳ ಮೈಗೆ ಕೈ ಹಚ್ಚೂ ಮನಿಶ್ಯಾ ಅಲ್ಲ ನಾ. ನೀನಽ ಕೊಡಬೇಕು. ಕೊಡೂ ಮಟಾ ಇಲ್ಲೇ ನಿಂದ್ರೂದು. ನನಗೇನ ಅವಸರಿಲ್ಲ.”

“ಆ ಹಾಳ್ಯಾಗ ಏನದ ಅಂತ ನಿಮಗ ಗೊತ್ತದ,” ಎಂದಳು ವರ್ಷಿಣಿ. “ಫೆಬ್ರುವರಿ ನಾಲ್ಕು.”



ಈ ಕಟ್ಟಡಕ್ಕೆ ಮೊದಲ ಸಲ ಬಂದ ದಿನವೇ ಐಡಾ ಹೇಳಿದ್ದರು. ಡೆನ್ಜಿಲ್ ಕೂಡ ಡ್ರಿಸ್ಕಾಲ್, ನಮ್ಮ ರಕ್ತವೇ ಇರಬೇಕು, ಹೇಗೆ ಗೊತ್ತೇ? ನಮ್ಮ ಮನೆಯಲ್ಲಿ ಪ್ರತಿವರ್ಷ ಅಜ್ಜ ಥಾಮಸ್‌ನ ಹುಟ್ಟಿದ ದಿನಕ್ಕೆ ಕೇಕು. ಅವರ ಮನೆಯಲ್ಲಿ ಅವರಜ್ಜ ಮೈಕೆಲ್‌ನ ಹುಟ್ಟಿದ ದಿನಕ್ಕೆ ಕೇಕು. ಎರಡೂ ಫೆಬ್ರುವರಿ ನಾಲ್ಕು. ಅವಳಿಜವಳಿ ಅಣ್ಣತಮ್ಮಂದಿರು, ಒಂದೇ ಹಡಗಿನಲ್ಲಿ ಬಂದವರು. ಮೂರು ತಲೆಮಾರು ನಂಬಿಕೊಂಡು ಬಂದ ಕತೆ.

ಹಾಳೆಯಲ್ಲಿ ಇದ್ದದ್ದು ಬೇರೆ. ಸಾವಿರದ ಎಂಟುನೂರ ಎಪ್ಪತ್ತೇಳು, ಫೆಬ್ರುವರಿ ನಾಲ್ಕು, ಭಾನುವಾರ. ಬರಗಾಲದಲ್ಲಿ ರಸ್ತೆಬದಿ ಸಿಕ್ಕ ಇಪ್ಪತ್ತೇಳು ಮಕ್ಕಳಿಗೆ ಒಂದೇ ದಿನ ಜ್ಞಾನಸ್ನಾನ. ಹುಟ್ಟಿದ್ದು ಯಾವಾಗ ಎಂದು ಯಾರಿಗೂ ಗೊತ್ತಿಲ್ಲದ್ದರಿಂದ ಎಲ್ಲರಿಗೂ ಅದೇ ಹುಟ್ಟಿದ ದಿನ. ಅಪ್ಪನ ಹೆಸರಿಲ್ಲದ್ದರಿಂದ ಎಲ್ಲರಿಗೂ ಆಶ್ರಮದ ಪಾದ್ರಿಯ ಮನೆತನದ ಹೆಸರು. ಆ ಪಾದ್ರಿ ಮಾತ್ರ ನಿಜವಾದ ಡ್ರಿಸ್ಕಾಲ್, ಬಾಲ್ಟಿಮೋರಿನವನು. ಮದುವೆಯಿಲ್ಲದ ಆ ಮನುಷ್ಯನಿಗೆ ಒಂದು ಭಾನುವಾರದಲ್ಲಿ ಇಪ್ಪತ್ತೇಳು ಮಕ್ಕಳು. ದೊಡ್ಡವರಾದ ಮೇಲೆ ಅವರು ರೈಲ್ವೆ ಸೇರಿದರು. ಹಳಿ ಎಲ್ಲೆಲ್ಲಿ ಹೋಯಿತೋ ಹೆಸರೂ ಅಲ್ಲಲ್ಲಿ ಇಳಿಯಿತು.

“ಅಜ್ಜ ಐರ್ಲೆಂಡಿನಾಗ ಹುಟ್ಟಿದ್ರ ಮೊಮ್ಮಗನಿಗೆ ಅಲ್ಲಿ ಪಾಸ್‌ಪೋರ್ಟ್ ಸಿಗ್ತದ,” ಎಂದಳು. “ನೀವು ತೊಗೊಂಡ್ರಿ. ಆಮ್ಯಾಲೆ ಹುಟ್ಟಿದ ಮಗಳಿಗೂ ಸಿಕ್ತು. ಅದಕ್ಕ ಕೊಟ್ಟ ಕಾಗದದ ನಕಲು ಪ್ಯಾಟ್ರಿಕ್ ಇಟ್ಟಿದ್ರು, ಅದರಾಗ ನಿಮ್ಮ ಅಜ್ಜ ಮೈಕೆಲ್ ಬಾಲ್ಟಿಮೋರಿನಾಗ ಹುಟ್ಟಿದ್ದು ಯಾವತ್ತು? ಫೆಬ್ರುವರಿ ನಾಲ್ಕು, ಎಪ್ಪತ್ತೇಳು. ಅದನ್ನ ಯಾರೋ ಬರದುಕೊಟ್ರು. ತಾರೀಖು ಯಾವುದು ಅಂತ ಕೇಳಿದಾಗ ನೀವು ಮನಿಯೊಳಗ ಕೇಕ್ ಕತ್ತರಸೋ ತಾರೀಖನ್ನ ಹೇಳಿದ್ರಿ.”

 ಮೇಲೆಲ್ಲೋ ಪ್ರೆಶರ್ ಕುಕ್ಕರು ಕೂಗಿ ನಿಂತಿತು.

“ನಾ ಸುಳ್ಳ ಹೇಳೀನಿ ಅಂತ ಅನಕೊಂಡಿದ್ದಿಲ್ಲ,” ಎಂದ ಡೆನ್ಜಿಲ್. “ಅದ ನೋಡು ಮಜಾ. ಅಜ್ಜ ಅಲ್ಲೇ ಹುಟ್ಟ್ಯಾನ, ಕಾಗದ ಕಳದೈತಿ, ಒಂದು ಮಾಡಿಸಿಕೊಂಡ್ರ ಏನಾತು ಅಂತ ಮಾಡಿಸಿದೆ. ಪ್ಯಾಟ್ರಿಕ್ ಬಂದು ಹೇಳೂ ಮಟಾ ನಾನೂ ಐರಿಷನಽ.” ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದ. “ನನ್ನ ಮಗಳು ಕಾರ್ಕ್‌ನ್ಯಾಗ ಸಾಲಿ ಟೀಚರ್. ಅಲ್ಲಿ ಮಕ್ಕಳು ಆಕೀನ್ನ ಮಿಸ್ ಡ್ರಿಸ್ಕಾಲ್ ಅಂತಾರ, ಊರ ತುಂಬ ಅದೇ ಹೆಸರು. ಮಿಸ್ ನೀವು ನಮ್ಮ ಕಡೇಯವರಽ ಅಂತ ಕೇಳತಾರಂತ. ಆಕೀಗೆ ಏನಂತ ಫೋನ್ ಮಾಡ್ಲಿ? ಅವ್ವಾ, ನೀ ಬರಗಾಲದ ಹುಡುಗನ ಮರಿಮಗಳು, ಗಂಟು ಕಟ್ಟು ಅಂತನಾ?”

“ಅದಕ್ಕ ಒಬ್ಬ ಮುದುಕನ್ನ ದೂಡೋದಾ?”

“ದೂಡಿಲ್ಲ!” ಅವನ ಕೂಗು ಬಾವಿಯ ಉದ್ದಕ್ಕೂ ಬಡಿದು ಕೆಳಗಿಳಿಯಿತು. ದನಿ ತಗ್ಗಿಸಿದ. “ದೂಡಿಲ್ಲ ನಾ. ಮೂರನೇ ಅಂತಸ್ತಿನ ಬಾಗಲದ ಚಿಲಕ ಅವತ್ತ ಮುಂಜಾನೆ ನಾನಽ ಬಿಚ್ಚಿದ್ದೆ, ರಿಪೇರಿಗೆ. ಹಾಳಿ ಕೊಡು ಅಂದೆ, ಅವಾ ಅದನ್ನ ಎದಿಗೆ ಹಿಡಕೊಂಡು ಹಿಂದ ಹಿಂದ ಸರಿದ. ಅಂಗಡ್ಯಾಗ ಕೊಟ್ಟಿದ್ದು ಅಸಲು, ಕೈಯಾಗ ಇದ್ದಿದ್ದು ಬರೇ ಖಾಲಿ ಹಾಳಿ, ಅದು ನನಗ ಆಮ್ಯಾಲೆ ತಿಳೀತು. ಬಾಗಲಕ್ಕ ಬೆನ್ನ ಹಚ್ಚಿದ. ನನಗ ಗೊತ್ತಿತ್ತು ಚಿಲಕ ಇಲ್ಲ ಅಂತ.”

“ಹೇಳಲಿಲ್ಲ.”

“ಹೇಳಲಿಲ್ಲ.”

ಲಿಫ್ಟಿನ ಬಲ್ಬು ಒಮ್ಮೆ ಮಿಣುಕಿತು. ವರ್ಷಿಣಿಗೆ ತನ್ನ ಬೆನ್ನ ಹಿಂದಿನ ಜಾಲರಿಯ ಒಂದೊಂದು ಕಂಬಿಯೂ ಬೇರೆಬೇರೆಯಾಗಿ ತಿಳಿಯುತ್ತಿತ್ತು. ಇದನ್ನೆಲ್ಲ ಹೇಳಿ ಮುಗಿಸಿದ ಮನುಷ್ಯ ಕಾಲು ತೆಗೆಯುವುದಿಲ್ಲ. ತೆಗೆಯಲಾರ.

ಆಗ ಮೇಲಿನಿಂದ ಊರುಗೋಲಿನ ಸದ್ದು ಬಂತು.

ಟಕ್. ಚಪ್ಪಲಿ ಎಳೆದ ಸರಸರ. ಟಕ್.

ಲಿಫ್ಟು ನಿಂತದ್ದು ಎರಡನೆಯ ಮತ್ತು ಮೂರನೆಯ ಅಂತಸ್ತುಗಳ ನಡುವೆ. ಮೂರನೆಯದರ ನೆಲ ವರ್ಷಿಣಿಯ ಎದೆಯ ಮಟ್ಟಕ್ಕಿತ್ತು. ಹೊರಬಾಗಿಲಿನ ಕಂಬಿಗಳಾಚೆ ಮೊದಲು ಕೋಲಿನ ರಬ್ಬರು ತುದಿ ಕಂಡಿತು, ಆಮೇಲೆ ಊದಿಕೊಂಡ ಎರಡು ಪಾದ, ಹೂವಿನ ಗೌನಿನ ಅಂಚು.

“ಯಾರು ಕಿರುಚಿದ್ದು?” ಐಡಾ ಇಂಗ್ಲಿಷಿನಲ್ಲಿ ಕೇಳಿದರು. “ಡೆನ್ಜಿಲ್, ಅಲ್ಲಿ ಏನು ಮಾಡುತ್ತಿದ್ದೀಯಪ್ಪ? ನನ್ನ ಸಂದೇಶ್ ಎಲ್ಲಿ?”

“ಸಣ್ಣ ತೊಂದರೆ, ಆಂಟಿ,” ಡೆನ್ಜಿಲ್ ಕೂಡಲೇ ಇಂಗ್ಲಿಷಿಗೆ ತಿರುಗಿದ. “ಒಳಗೆ ಹೋಗಿ ಕೂತಿರಿ, ಸೆಖೆಯಲ್ಲಿ ನಿಲ್ಲಬೇಡಿ.”

ಅವನು ಮೇಲೆ ನೋಡಿದ ಆ ಕ್ಷಣವೇ ಸಾಕಾಯಿತು. ವರ್ಷಿಣಿ ಕುರ್ತಾದೊಳಗಿಂದ ಕವರನ್ನು ಎಳೆದು, ಒಂದೇ ಹೆಜ್ಜೆಗೆ ಜಾಲರಿಗೆ ಮುಗಿಬಿದ್ದು, ಎರಡೂ ಬಾಗಿಲಿನ ಕಂಬಿಗಳ ನಡುವೆ ತೋಳು ತೂರಿಸಿದಳು. ಡೆನ್ಜಿಲ್‌ನ ಕೈ ಅವಳ ಭುಜ ಹಿಡಿಯಿತು. ತಡವಾಗಿತ್ತು. ಕವರು ಐಡಾರ ಚಪ್ಪಲಿಯ ಹತ್ತಿರ ಜಾರಿ ನಿಂತಿತ್ತು.

ಬಾಗಿಲ ಪಕ್ಕದಲ್ಲೊಂದು ಬೆತ್ತದ ಗಿಡ್ಡ ಸ್ಟೂಲು ಇತ್ತು. ಎಂಬತ್ತನಾಲ್ಕರ ಐಡಾ ನರಳುತ್ತ ಅದರ ಮೇಲೆ ಕುಳಿತರು, ಕೋಲಿನಿಂದ ಕವರನ್ನು ಹತ್ತಿರಕ್ಕೆ ಎಳೆದುಕೊಂಡರು. ಈಗ ಅವರ ಮುಖ ಕಂಬಿಗಳ ನಡುವೆ ಪಟ್ಟೆಪಟ್ಟೆಯಾಗಿ ಕಾಣುತ್ತಿತ್ತು.

“ಆಂಟಿ, ಅದನ್ನು ಓದಬೇಡಿ,” ಎಂದ ಡೆನ್ಜಿಲ್. ಅವನ ಬೆರಳು ವರ್ಷಿಣಿಯ ಭುಜದಲ್ಲಿ ನಾಟಿತ್ತು.

“ಓದಿ!” ವರ್ಷಿಣಿ ಕೂಗಿದಳು. “ನಿಮ್ಮ ತಮ್ಮ ಸತ್ತದ್ದು ಆ ಹಾಳೆಗೆ. ಚಿಲಕ ಬಿಚ್ಚಿದ್ದು ಇವರು. ಈಗಷ್ಟೇ ತಾವೇ ಒಪ್ಪಿಕೊಂಡರು. ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಪೊಲೀಸರಿಗೆ ಫೋನ್ ಮಾಡಿ. ಹಾಳೆ ನಿಮ್ಮ ಹತ್ತಿರವೇ ಇರಲಿ, ಯಾರಿಗೂ ಕೊಡಬೇಡಿ.”

ಐಡಾ ಸರಪಳಿಗೆ ತೂಗುತ್ತಿದ್ದ ಕನ್ನಡಕ ಏರಿಸಿದರು. ಓದಿದರು. ತುಟಿ ಅಲುಗುತ್ತಿತ್ತು. ಬೆರಳು ಒಂದೊಂದೇ ಸಾಲಿಗೆ ಇಳಿಯಿತು, ನಾಲ್ಕನೆಯದರಲ್ಲಿ ನಿಂತಿತು. ಅಲ್ಲಿ ಏನಿದೆಯೆಂದು ವರ್ಷಿಣಿಗೆ ಬಾಯಿಪಾಠ: ಥಾಮಸ್ ಡ್ರಿಸ್ಕಾಲ್, ಗಂಡು, ಸುಮಾರು ಎರಡು ವರ್ಷ, ಮೊದಲಿನ ಹೆಸರು ಈರ, ತಾಯಿ ಸಂತೆ ಮೈದಾನದಲ್ಲಿ ಸತ್ತವಳು.

ಡೆನ್ಜಿಲ್‌ನ ಉಸಿರಾಟ ಕೇಳಿಸುತ್ತಿತ್ತು. ಅವನೂ ಕಾಯುತ್ತಿದ್ದ.

“ನನ್ನ ಅಜ್ಜ ಹಡಗಿನಲ್ಲಿ ಬಂದವನು,” ಎಂದರು ಐಡಾ.

“ಇಲ್ಲ ಆಂಟಿ.”

“ಪೆಟ್ಟಿಗೆ ಇತ್ತು ಅವನದು. ಮರದ್ದು. ನಾನು ನೋಡಿದ್ದೇನೆ.”

“ಆಂಟಿ, ದಯವಿಟ್ಟು. ಮೊದಲು ಫೋನ್ ಮಾಡಿ. ಉಳಿದದ್ದೆಲ್ಲ ಆಮೇಲೆ ಕೂತು ಮಾತಾಡೋಣ.”

“ಎಂಬತ್ತನಾಲ್ಕು ವರ್ಷ,” ಎಂದರು ಐಡಾ, ಯಾರಿಗೂ ಅಲ್ಲ. “ಈ ಓಣಿಯ ನಮ್ಮ ಆಂಗ್ಲೋ-ಇಂಡಿಯನ್ ಜನ ಎಲ್ಲರೂ ಹೋದರು. ಆಸ್ಟ್ರೇಲಿಯಾ, ಕೆನಡಾ. ನಾವು ಯಾಕೆ ಹೋಗಲಿಲ್ಲ ಎಂದು ಕೇಳಿದರೆ ಅಪ್ಪ ಹೇಳುತ್ತಿದ್ದ, ನಮಗೊಂದು ಊರು ಇದೆ, ನಾವು ಅಲ್ಲಿಗೇ ಹೋಗುವುದು.” ಕನ್ನಡಕ ಕೆಳಗಿಳಿಸಿದರು. “ಪ್ಯಾಟ್ರಿಕ್ ಇದನ್ನು ಗೋಡೆಗೆ ಹಾಕುವವನಿದ್ದನೇ? ನನ್ನ ಕಣ್ಣೆದುರಿಗೆ?”



ಐಡಾ ಹಾಳೆಯನ್ನು ಕವರಿನೊಳಗೆ ಸರಿಯಾಗಿ ಸೇರಿಸಿದರು. ಮೂಲೆ ಮಡಚದ ಹಾಗೆ, ಜೋಪಾನವಾಗಿ. ಆಮೇಲೆ ಮುಂದಕ್ಕೆ ಬಾಗಿ, ಅದನ್ನು ಕಂಬಿಗಳ ನಡುವಿನಿಂದ ಲಿಫ್ಟಿನೊಳಕ್ಕೆ ಚಾಚಿದರು.

“ಆಂಟಿ, ಏನು ಮಾಡುತ್ತಿದ್ದೀರಿ? ಅದು ನಿಮ್ಮದು. ನೀವೇ ಅಲ್ಲವೇ ನನ್ನನ್ನು ಕರೆಸಿದ್ದು? ಇಟ್ಟುಕೊಳ್ಳಿ!”

ಡೆನ್ಜಿಲ್‌ನ ಕೈ ಅವಳ ಭುಜದಿಂದ ನಿಧಾನವಾಗಿ ಸಡಿಲಿ, ಮೇಲಕ್ಕೆ, ಹಾಳೆಯ ಕಡೆಗೆ ಏರತೊಡಗಿತು. ಐಡಾ ಅವನನ್ನು ನೋಡಲಿಲ್ಲ. ಅವರು ನೋಡುತ್ತಿದ್ದದ್ದು ವರ್ಷಿಣಿಯನ್ನು.

“ನನಗಿದು ಬೇಡ,” ಎಂದರು.